ನಾವು ಓದಿದ ನಾಲ್ಕನೆಯ ವರ್ಷ ಎಲ್ಲಿ ಹೋಯಿತು?

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಮಾಹಿತಿ ತಂತ್ರಜ್ಞಾನ ಪದವಿಯ ನಾಲ್ಕನೆಯ ವರ್ಷವನ್ನು, ಅಂದರೆ ತಮ್ಮ ವಿಶ್ವವಿದ್ಯಾಲಯವೇ ‘ಆನರ್ಸ್ ಸಂಶೋಧನಾ ವರ್ಷ’ ಎಂದು ಹೆಸರಿಟ್ಟಿದ್ದ ವರ್ಷವನ್ನು, ನಾನೂ ನನ್ನ ಗೆಳತಿಯೂ ಓದಿ ಮುಗಿಸಿದ್ದೇವೆ. ತಮ್ಮ ಕಚೇರಿ, ನೀವು ಓದಿಲ್ಲ ಎನ್ನುತ್ತದೆ. ಇನ್ನೊಂದು ಸಲ ಕೇಳಿದರೆ, ಅಂಥ ವರ್ಷವೇ ಇರಲಿಲ್ಲ ಎನ್ನುತ್ತದೆ. ಜ್ವರ ಬಂದು ವರ್ಷ ಕಳೆದುಕೊಂಡವರು ನಮ್ಮೂರಲ್ಲಿ ಇದ್ದಾರೆ, ಮನೆಯಲ್ಲಿ ಬೇಡವೆಂದು ವರ್ಷ ಕಳೆದುಕೊಂಡವರೂ ಇದ್ದಾರೆ. ಓದಿ ಮುಗಿಸಿದ ಮೇಲೆ ವರ್ಷ ಕಳೆದುಕೊಂಡವರು ನನಗೆ ತಿಳಿದಂತೆ ನಾವಿಬ್ಬರೇ. ಆ ಕೀರ್ತಿ ತಮ್ಮ ಕಚೇರಿಗೆ ಸಲ್ಲಬೇಕು.

ಇದನ್ನು ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ತಾವು ತಿಳಿಯಬಾರದು. ಸಿಟ್ಟು ಮೊದಲು ಇತ್ತು. ಈಗ ಹುಡುಕಿದರೂ ಸಿಗುವುದಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ನನ್ನನ್ನು ನಾನು ಆಗಾಗ ಚಿವುಟಿ ನೋಡಿಕೊಳ್ಳುತ್ತೇನೆ. ಏನೂ ಅನಿಸುವುದಿಲ್ಲ. ಹೀಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುವುದು ನನಗೆ ಕಷ್ಟವೇನಲ್ಲ. ಕೇಳುವುದು ತಮಗೆ ಕಷ್ಟವಾದರೆ ಕ್ಷಮೆಯಿರಲಿ.

ನಾನು ಮೋನಮ್ಮ, ಸುರಪುರದವಳು. ಅಪ್ಪ ಪರಮಣ್ಣ ಪಕ್ಕದ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ಗೆಳತಿ ಸರ್ವರಬೇಗಂ ರಂಗಂಪೇಟೆಯವಳು. ಅವಳ ತಂದೆ ಮಕ್ತುಮಸಾಬ, ನನಗೆ ಕಾಕಾ, ಟೇಲರ್ ಕೆಲಸದವರು. ಕೆಂಭಾವಿಯ ಕಡೆ ಕೆನಾಲಿನ ಕೊನೆಗೆ ಅವರಿಗೊಂದು ಸಣ್ಣ ಹೊಲವಿದೆ, ಅದರಲ್ಲಿ ಮೆಣಸಿನಕಾಯಿ ಹಾಕುತ್ತಾರೆ. ನಾವು ಓದಿದ ಕಾಲೇಜಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರದೇನೂ ತಪ್ಪಿಲ್ಲ. ತಾವು ಕಳಿಸಿದ್ದನ್ನು ಗೋಡೆಗೆ ಅಂಟಿಸಿದರು, ಅಷ್ಟೆ. ಅದರಲ್ಲಿ ಹೀಗಿತ್ತು: ಮೂರು ವರ್ಷದ ಪದವಿಯನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿದ ಮಾಹಿತಿ ತಂತ್ರಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ವರ್ಷ ಸ್ವತಂತ್ರ ಅಧ್ಯಯನ ಮಾಡಬಹುದು. ವಿಷಯ ವಿದ್ಯಾರ್ಥಿಯ ಆಯ್ಕೆ. ಒಬ್ಬ ಮಾರ್ಗದರ್ಶಕರು ಇರುತ್ತಾರೆ. ವರ್ಷದ ಕೊನೆಗೆ ಒಂದು ಪ್ರಬಂಧ, ಒಂದು ಮೌಖಿಕ ಪರೀಕ್ಷೆ. ಅದಾದ ಮೇಲೆ ನೇರವಾಗಿ ಸಂಶೋಧನೆಗೆ ಸೇರುವ ಅರ್ಹತೆ.

ಆ ಕಾಗದದ ಮುಂದೆ ಸರ್ವರಬೇಗಂ ಬಹಳ ಹೊತ್ತು ನಿಂತಿದ್ದಳು. ಮೂರು ವರ್ಷ ನಾವು ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಬೋರ್ಡಿನಿಂದ ನೋಡಿ ಟೈಪ್ ಮಾಡಿದ್ದೆವು. ಕರೆಂಟ್ ಹೋದರೆ ಕೈಬರಹದಲ್ಲಿ ಬರೆದಿದ್ದೆವು. ಪರೀಕ್ಷೆಯಲ್ಲಿ ಅವನ್ನೇ ಮತ್ತೆ ಬರೆದಿದ್ದೆವು. ನಿನಗೇನು ತಿಳಿಯಬೇಕಾಗಿದೆ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಆ ಕಾಗದ ಕೇಳುತ್ತಿತ್ತು.

“ಮೂರ ವರ್ಷ ಕಲ್ತದ್ದು ಸಾಲಲಿಲ್ಲೇನವ್ವಾ?” ಎಂದಳು ನನ್ನ ತಾಯಿ ಮರಿಲಿಂಗಮ್ಮ. ಅಪ್ಪ ಮಾಸ್ತರಲ್ಲವೇ, ಅವರ ಪ್ರಶ್ನೆ ಬೇರೆಯಾಗಿತ್ತು.

“ಸ್ವಂತ ವಿಷಯ ಅಂದ್ರ ಅದಕ್ಕ ಪುಸ್ತಕ ಯಾವ್ದು?”

“ಪುಸ್ತಕ ಇಲ್ಲಪ್ಪಾ. ನಾವೇ ಬರೀಬೇಕು.”

“ಹಂಗಾದ್ರ ಸೇರು,” ಎಂದರು. “ನನ್ನ ನೌಕರಿ ತುಂಬಾ ನಾ ಒಂದೂ ಪುಸ್ತಕ ಬರೀಲಿಲ್ಲ.”

ವಿಷಯ ಹುಡುಕಲು ನಾವು ದೂರ ಹೋಗಬೇಕಾಗಲಿಲ್ಲ. ಒಂದು ಮಧ್ಯಾಹ್ನ ಕಾಕಾ ಅಂಗಡಿಯಲ್ಲಿ ಕುಳಿತು ಫೋನಿನ ಜೊತೆ ಜಗಳಾಡುತ್ತಿದ್ದರು. ಆಗ ನಮ್ಮ ಕಡೆ ವಾರಬಂದಿ ನಡೆದಿತ್ತು. ವಾರಬಂದಿ ಎಂದರೆ ಕೆನಾಲಿಗೆ ಸರದಿಯ ಮೇಲೆ ನೀರು ಬಿಡುವುದು, ತಮಗೆ ತಿಳಿದಿರಬಹುದು. ಸರದಿ ಬಂದರೂ ಹೊಲಕ್ಕೆ ನೀರು ಬರದಿದ್ದರೆ ಒಂದು ಸಂಖ್ಯೆಗೆ ಫೋನ್ ಮಾಡಿ ಬಾಯಲ್ಲಿ ಹೇಳಬೇಕು. ಅತ್ತ ಕಡೆ ಮನುಷ್ಯರಿಲ್ಲ, ಯಂತ್ರವಿದೆ. ಅದು ಕೇಳಿಸಿಕೊಂಡು ಬರೆದುಕೊಳ್ಳುತ್ತದೆ. ಅದು ಯಾವ ಕಚೇರಿಯ ಸಂಖ್ಯೆ ಎಂದು ಹೇಳಿ ಯಾರ ಮೇಲೂ ದೂರು ಹಾಕುವ ಉದ್ದೇಶ ನನಗಿಲ್ಲ. ಕಾಕಾ ಹೇಳಿದರು: “ನೀರ ಬರವಲ್ದು.”

ಫೋನಿನೊಳಗಿನ ಹೆಣ್ಣುದನಿ ಬಹಳ ಮರ್ಯಾದೆಯಿಂದ ಉತ್ತರಿಸಿತು: “ತಾವು ಹೇಳಿದ್ದು, ನೀರು ಬರುವುದು. ಧನ್ಯವಾದಗಳು.”

ಕರೆ ಕಟ್ಟಾಯಿತು. ಕಾಕಾ ಮತ್ತೆ ಮಾಡಿದರು. ಈ ಸಲ ಜೋರಾಗಿ ಹೇಳಿದರು. ಮತ್ತೆ ಅದೇ ಧನ್ಯವಾದ.

ಮಾನ್ಯರೇ, ತಾವು ದಕ್ಷಿಣದವರೋ ಉತ್ತರದವರೋ ನನಗೆ ತಿಳಿಯದು. ನಮ್ಮಲ್ಲಿ ‘ಬರವಲ್ದು’ ಎಂದರೆ ಬರುತ್ತಿಲ್ಲ, ಬರಲು ಒಲ್ಲದು ಎಂದರ್ಥ. ಯಂತ್ರಕ್ಕೆ ಪುಸ್ತಕದ ಕನ್ನಡ ಮಾತ್ರ ಕಲಿಸಿದ್ದರು. ಅದರ ಕಿವಿಗೆ ‘ಬರವಲ್ದು’ ಎಂಬುದು ‘ಬರುವುದು’ ಎಂದು ಕೇಳಿತು. ನೀರು ಬಂದಿಲ್ಲ ಎಂದು ಗೋಳಾಡಿದವರ ಹೆಸರಿನ ಮುಂದೆಲ್ಲ ನೀರು ಬರುವುದು ಎಂದು ದಾಖಲಾಗುತ್ತಿತ್ತು. ದೂರುಗಳೇ ಇಲ್ಲವೆಂದು ಯಾರೋ ಎಲ್ಲೋ ಸಂತೋಷಪಡುತ್ತಿದ್ದಿರಬೇಕು.

ಕಾಕಾ ಫೋನು ಕೆಳಗಿಟ್ಟು, “ಇಕಿ ನನ್ನ ಕೂಡ ಚಾಷ್ಟಿ ಮಾಡಾಕತ್ತಾಳ ನೋಡು,” ಎಂದರು. ನಾನು ನಕ್ಕೆ. ಸರ್ವರಬೇಗಂ ನಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಆ ಎರಡು ಪದಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ನಮ್ಮ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ ಕೇಳಿ ಬೆಳೆದವಳು. ಮಾತಿನಿಂದ ಮಾತಿಗೆ ದಾಟುವುದು ಅವಳಿಗೆ ಹೊಸ್ತಿಲು ದಾಟಿದಷ್ಟೇ ಸಲೀಸು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, “ಮೋನಾ, ಇದೇ ನಮ್ಮ ವಿಷಯ,” ಎಂದಳು.

ಮಾರ್ಗದರ್ಶಕರು ಬೇಕಿತ್ತು. ನಮ್ಮ ಕಾಲೇಜಿನಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಆದವರು ಯಾರೂ ಇಲ್ಲ. ಅದು ತಮ್ಮ ಕಚೇರಿಗೆ ಅಂದು ತಿಳಿದಿತ್ತು, ಇಂದೂ ತಿಳಿದಿದೆ. ಅತಿಥಿ ಉಪನ್ಯಾಸಕರಾದ ಅಂಬ್ರಪ್ಪ ಸರ್, ಶಹಾಪುರದವರು, ತಾವೇ ಮಾಡಿಸುವುದಾಗಿ ಮುಂದೆ ಬಂದರು. ಪ್ರಾಂಶುಪಾಲರ ಕೋಣೆಯಿಂದ ತಮ್ಮ ಕಚೇರಿಗೆ ಫೋನ್ ಹಚ್ಚಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. “ಇವರಿಗೆ ಗೈಡ್ ಅಂತ ನಾನಿರಬಹುದೇನ್ರಿ?” ಎಂದು ಸರ್ ಕೇಳಿದರು. ಸ್ಪೀಕರಿನಲ್ಲಿ ಉತ್ತರ ಬಂತು: “ಮಾಡಸ್ರಿ, ಮಾಡಸ್ರಿ. ಹಿಂದಿಂದ ನೋಡೋಣಂತ.” ಪ್ರವೇಶವೂ ಆಯಿತು. ಅರ್ಧ ವರ್ಷ ಕಳೆಯುವುದರೊಳಗೆ ಅಂಬ್ರಪ್ಪ ಸರ್ ಅವರ ಕೆಲಸ ನವೀಕರಣವಾಗಲಿಲ್ಲ. ಕಾಲೇಜಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಆದರೂ ಶನಿವಾರ ಶನಿವಾರ ಶಹಾಪುರದಿಂದ ಬಸ್ಸಿಗೆ ಬಂದು, ಕಾಲೇಜಿನ ಹೊರಗಿನ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ನಮ್ಮ ಕೆಲಸ ತಿದ್ದುತ್ತಿದ್ದರು. ಕಾವಲುಗಾರ ಅವರನ್ನು ಒಳಗೆ ಬಿಡಲು ಸಿದ್ಧನಿದ್ದ. ಸರ್ ತಾವೇ ಹೋಗುತ್ತಿರಲಿಲ್ಲ. “ಒಳಗ ಬಂದ್ರ ನಾ ಯಾರಂತ ಕೇಳ್ತಾರವ್ವಾ,” ಎನ್ನುತ್ತಿದ್ದರು.

ಕೆಲಸ ಹೇಳಲು ಸರಳ, ಮಾಡಲು ಅಲ್ಲ. ನೂರಾರು ಜನರ ದನಿಯನ್ನು ಮೊಬೈಲಿನಲ್ಲಿ ಹಿಡಿಯಬೇಕು. ಪ್ರತಿಯೊಂದು ಮಾತಿನ ಕೆಳಗೆ ಅದರ ಅರ್ಥವನ್ನು ಬರೆಯಬೇಕು. ಆಮೇಲೆ ಅವೆರಡನ್ನೂ ಯಂತ್ರಕ್ಕೆ ಮತ್ತೆ ಮತ್ತೆ ತೋರಿಸಿ ಕಲಿಸಬೇಕು. ಕೆನಾಲಿನ ಗುಂಟ ಹಳ್ಳಿ ಹಳ್ಳಿ ತಿರುಗಿದೆವು. ಕೆಂಭಾವಿಯ ಸಂತೆಗೆ ಹೋದೆವು. ಕೆಲವರು ಓಡಿಸಿದರು, ಸಮೀಕ್ಷೆಯವರೆಂದು ತಿಳಿದು ರೇಷನ್ ಕಾರ್ಡು ತಂದು ತೋರಿಸಿದವರೂ ಇದ್ದರು. ಕೆಂಭಾವಿಯಾಚೆ ಒಂದು ಹಳ್ಳಿಯಲ್ಲಿ ಮಲ್ಲಾಬಾಯಿ ಎಂಬ ವಯಸ್ಸಾದ ಹೆಂಗಸು ಹತ್ತಿ ಬಿಡಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಮೊಬೈಲು ಮುಂದೆ ಹಿಡಿದೆವು.

“ಏನ್ ಹೇಳ್ಬೇಕವ್ವಾ?”

“ಕೆನಾಲಿಗಿ ನೀರ ಬಂದಿಲ್ಲ ಅಂತ ನೀ ಹೆಂಗ ಹೇಳ್ತಿ, ಹಂಗ ಹೇಳಮ್ಮಾ.”

“ಯಾರಿಗಿ ಹೇಳಾಕತ್ತೇನಿ ಅಂತ ತಿಳಕೊಳ್ಳಲಿ? ಮಗಂಗ ಹೇಳೂದು ಬ್ಯಾರೆ, ಸಾಹೇಬಗ ಹೇಳೂದು ಬ್ಯಾರೆ.”

“ಎರಡೂ ಹೇಳು,” ಎಂದಳು ಸರ್ವರಬೇಗಂ.

ಮಗನಿಗೆ ಹೇಳಿದ್ದು ಓಣಿಯ ಆ ತುದಿಗೂ ಕೇಳಿಸಿತು. “ನೀರ ಬರವಲ್ದೋ!” ಆಮೇಲೆ ಸೆರಗು ಸರಿ ಮಾಡಿಕೊಂಡು ಸಾಹೇಬನಿಗೆ ಹೇಳಿದಳು. “ಯಪ್ಪಾ, ನೀರ ಬರವಲ್ದ್ರೀ.” ದನಿ ಎಷ್ಟು ಸಣ್ಣದಾಯಿತೆಂದರೆ ಕೊನೆಯ ಅಕ್ಷರಗಳು ಅವಳ ಬಾಯಲ್ಲೇ ಉಳಿದವು. ಮೊಬೈಲಿನಲ್ಲಿ ತಿರುಗಿ ಹಚ್ಚಿ ಕೇಳಿದರೆ ಇಲ್ಲವೆಂಬ ಅರ್ಥ ಎಲ್ಲಿತ್ತೋ ಆ ಭಾಗವೇ ಕೇಳಿಸುತ್ತಿರಲಿಲ್ಲ. ನಮ್ಮ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಇದರ ಮೇಲಿದೆ. ಅಧಿಕಾರಿಯ ಮುಂದೆ ಮಾತಾಡುವಾಗ ಜನ ದನಿ ತಗ್ಗಿಸುತ್ತಾರೆ, ತಗ್ಗಿಸಿದಾಗ ಯಂತ್ರಕ್ಕೆ ‘ಇಲ್ಲ’ ಎಂಬುದು ತಪ್ಪಿಹೋಗುತ್ತದೆ ಎಂದು ಬರೆದಿದ್ದೇವೆ. ಆ ಅಧ್ಯಾಯವನ್ನು ತಾವು ಓದಿಲ್ಲ. ಯಾರೂ ಓದಿಲ್ಲ.

ಯಂತ್ರಕ್ಕೆ ನಮ್ಮ ಮಾತು ತಿಳಿದ ದಿನ ನಾವು ಲ್ಯಾಪ್‌ಟಾಪನ್ನು ಕಾಕಾನ ಅಂಗಡಿಗೆ ಒಯ್ದೆವು. ಕಾಕಾ ಮೊದಲು ಗಂಟಲು ಸರಿ ಮಾಡಿಕೊಂಡರು. “ನೀರ ಬರವಲ್ದು,” ಎಂದರು. ಪರದೆಯ ಮೇಲೆ ಅಕ್ಷರ ಮೂಡಿದವು: ನೀರು ಬರುತ್ತಿಲ್ಲ.

ಕಾಕಾ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಅಂಗಿಯ ಅಳತೆ ಕೊಟ್ಟು ಹಬ್ಬದಿಂದ ಅಲೆಯುತ್ತಿದ್ದ ಗಿರಾಕಿ ಒಬ್ಬರು, ಹಸನಸಾಬ ಎಂದು ಹೆಸರು, ಬೆಂಚಿನ ಮೇಲೆ ಕಾಯುತ್ತಿದ್ದರು. ಅವರು ಲ್ಯಾಪ್‌ಟಾಪಿನ ಹತ್ತಿರ ಬಾಗಿ, “ನನ್ನ ಅಂಗಿ ಆಗವಲ್ದು,” ಎಂದರು. ನನ್ನ ಅಂಗಿ ಆಗುತ್ತಿಲ್ಲ ಎಂದು ಬರೆದುಕೊಂಡಿತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಯಾರನ್ನೂ ಹಿಡಿಯುವುದಾಗಲಿಲ್ಲ. ಒಬ್ಬರು ಕರೆಂಟ್ ನಿಲ್ಲವಲ್ದು ಎಂದರು, ಇನ್ನೊಬ್ಬರು ಸೊಸೆ ಮಾತು ಕೇಳವಲ್ಲಳು ಎಂದರು. ಓಣಿಯ ತಕರಾರುಗಳೆಲ್ಲ ಪರದೆಯ ಮೇಲೆ ಶುದ್ಧ ಕನ್ನಡದಲ್ಲಿ ಸಾಲುಗಟ್ಟಿದವು. ಸರ್ವರಬೇಗಂ ಹೊಲಿಗೆ ಯಂತ್ರದ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅಷ್ಟು ಹೊತ್ತು ಅವಳು ನಗುತ್ತಲೇ ಇದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಪ್ರಬಂಧವನ್ನು ತಮ್ಮ ಕಚೇರಿಗೆ ಸಲ್ಲಿಸಿದೆವು. ಸ್ವೀಕರಿಸಿದ್ದಕ್ಕೆ ಮುದ್ರೆ ಒತ್ತಿದರು, ಮೌಖಿಕ ಪರೀಕ್ಷೆಯ ದಿನವನ್ನು ಆಮೇಲೆ ತಿಳಿಸುತ್ತೇವೆಂದರು. ಅದೇ ತಿಂಗಳು ವಿಶ್ವವಿದ್ಯಾಲಯದ ವಿಜ್ಞಾನ ಪ್ರದರ್ಶನಕ್ಕೆ ನಮ್ಮನ್ನು ಕರೆದರು. ಮುಖ್ಯ ಅತಿಥಿಗಳು ನಮ್ಮ ಯಂತ್ರದ ಮುಂದೆ ನಿಂತು, “ಎಲ್ಲರಿಗೂ ಶುಭಾಶಯಗಳು,” ಎಂದರು. ಅದು ಹಾಗೆಯೇ ಬರೆದುಕೊಂಡಿತು. ಅದ್ಭುತ ಎಂದರು. ಫೋಟೋ ತೆಗೆದರು. ವಿಶ್ವವಿದ್ಯಾಲಯದ ವಾರ್ಷಿಕ ಪುಸ್ತಿಕೆಯಲ್ಲಿ ಆ ಫೋಟೋ ಇದೆ. ಅದರ ಕೆಳಗೆ ‘ಗ್ರಾಮೀಣ ವಿದ್ಯಾರ್ಥಿನಿಯರ ಆನರ್ಸ್ ಸಂಶೋಧನೆ’ ಎಂದು ಅಚ್ಚಾಗಿದೆ. ಪುಸ್ತಿಕೆ ಮಾಡುವ ಕೋಣೆಗೂ ಫಲಿತಾಂಶ ಮಾಡುವ ಕೋಣೆಗೂ ನಡುವೆ ಒಂದೇ ಗೋಡೆ ಎಂದು ಕೇಳಿದ್ದೇನೆ. ಆ ಗೋಡೆ ಬಹಳ ದಪ್ಪವಿರಬೇಕು.

ಆ ಹೊತ್ತಿಗೆ ಹೈದರಾಬಾದಿನ ಒಂದು ಸಂಸ್ಥೆಯಿಂದ ಸರ್ವರಬೇಗಂಳಿಗೆ ಕರೆ ಬಂತು. ಯಂತ್ರಗಳಿಗೆ ಜನರ ಮಾತು ಕಲಿಸುವುದನ್ನೇ ಅಲ್ಲಿ ಸಂಶೋಧನೆ ಮಾಡುತ್ತಾರೆ. ನಮ್ಮಿಬ್ಬರದೂ ಸಂದರ್ಶನವಾಗಿತ್ತು, ಆಯ್ಕೆಯಾದದ್ದು ಅವಳು. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದು ತಾವು ಕೇಳಬಹುದು. ಇಲ್ಲ. ಅವಳ ಕಿವಿ ನನಗಿಲ್ಲವೆಂಬುದು ನನಗೆ ಗೊತ್ತಿತ್ತು. ಅವರು ಕೇಳಿದ್ದು ಒಂದೇ, ನಾಲ್ಕನೆಯ ವರ್ಷದ ಅಂಕಪಟ್ಟಿ. ಮಕ್ತುಮಸಾಬ ಕಾಕಾ ಮಗಳಿಗಾಗಿ ಹೊಸ ಚೂಡಿದಾರಗಳನ್ನು ಹೊಲಿಯತೊಡಗಿದರು. ಹಸನಸಾಬರ ಅಂಗಿ ಮತ್ತೆ ಹಿಂದೆ ಬಿತ್ತು.

ಮೌಖಿಕ ಪರೀಕ್ಷೆ ಯಾವಾಗ, ಅಂಕಪಟ್ಟಿ ಯಾವಾಗ ಎಂದು ಕೇಳಲು ನಾವಿಬ್ಬರೂ ಕಾಕಾನೂ ತಮ್ಮ ಕಚೇರಿಗೆ ಬಂದೆವು. ಕಿಟಕಿಯೊಳಗಿನವರು ಕಂಪ್ಯೂಟರ್ ನೋಡಿ ಹೇಳಿದರು.

“ಆನರ್ಸ್ ರದ್ದಾಗ್ಯಾದವ್ವಾ.”

“ಯಾವಾಗ್ರೀ?”

“ಸುತ್ತೋಲೆ ಮೊನ್ನೆ ಬಂದದ.”

“ನಾವು ಮೊನ್ನೆಗಿಂತ ಮೊದಲೇ ಮುಗಿಸೀವಲ್ರೀ.”

“ಸುತ್ತೋಲೆ ಮೊನ್ನೆ ಬಂದ್ರೂ ಜಾರಿ ಹಿಂದಿನಿಂದ ಅದ. ನೀವು ಸೇರೂದಕ್ಕಿಂತ ಮೊದಲಿಂದ.”

ಕಾಕಾ ಕಿಟಕಿಗೆ ಮುಖ ಹಚ್ಚಿದರು. “ಅಲ್ರೀ, ಹುಡುಗ್ಯಾರು ಒಂದ ವರ್ಷ ದುಡದಾರ. ಅದು ಎಲ್ಲಿ ಹೋತು?”

“ನನಗೇನ್ ಗೊತ್ರೀ. ನನ್ನ ಕಂಪ್ಯೂಟರ್‌ನ್ಯಾಗ ಆ ವರ್ಷದ ಕಾಲಮ್ಮೇ ಇಲ್ಲ.”

ಕಾರಣವನ್ನೂ ಅವರೇ ಹೇಳಿದರು. ಮಾನ್ಯತೆ ಪಡೆದ ಮಾರ್ಗದರ್ಶಕರು ಇಲ್ಲದ ಕಾಲೇಜುಗಳಲ್ಲಿ ನಡೆದ ಆನರ್ಸ್ ಸಂಶೋಧನೆ ಅಸಿಂಧು. ಹಾಗಾದರೆ ಪ್ರವೇಶ ಏಕೆ ಕೊಟ್ಟಿರಿ, ಫೋನಿನಲ್ಲಿ ಮಾಡಿಸಿ ಎಂದವರು ಯಾರು, ಪ್ರಬಂಧಕ್ಕೆ ಮುದ್ರೆ ಒತ್ತಿದ್ದು ಏಕೆ ಎಂದು ನಾನು ಕೇಳಿದೆ. ಬಹಳ ಜೋರಾಗಿಯೇ ಕೇಳಿದೆ, ಆಗ ಸಿಟ್ಟು ಇನ್ನೂ ಇತ್ತು. ಅಷ್ಟರಲ್ಲಿ ತಾವೇ ಕೋಣೆಯಿಂದ ಹೊರಗೆ ಬಂದಿರಿ. ತಮಗೆ ನೆನಪಿರಲಾರದು. ಕಾಕಾ ಟೋಪಿ ಸರಿ ಮಾಡಿಕೊಂಡು ಸಲಾಂ ಮಾಡಿದರು. ತಾವು ಎಲ್ಲ ಕೇಳಿಸಿಕೊಂಡು, ಸರ್ವರಬೇಗಂಳನ್ನು ನೋಡಿ, “ಮೂರು ವರ್ಷದ ಡಿಗ್ರಿ ಕೈಯಲ್ಲಿದೆಯಲ್ಲಮ್ಮ, ಅದು ಸಾಲದೇ?” ಎಂದಿರಿ. ದನಿಯಲ್ಲಿ ಸಿಡುಕಿರಲಿಲ್ಲ. ನಿಜವಾಗಿಯೂ ಕೇಳುವವರ ಹಾಗೆ ಕೇಳಿದಿರಿ. ಅವಳು “ಸಾಲವಲ್ದ್ರೀ ಸರ್,” ಎಂದಳು. ಸಣ್ಣ ದನಿಯಲ್ಲಿ. ತಾವು ತಲೆಯಾಡಿಸಿ, “ಒಳ್ಳೆಯದು,” ಎಂದು ಕಾರಿನ ಕಡೆ ನಡೆದಿರಿ.

ಹೈದರಾಬಾದಿನವರು ಸಜ್ಜನರು, ಕೊನೆಯ ದಿನಾಂಕವನ್ನು ಒಮ್ಮೆ ಮುಂದೂಡಿದರು. ಕಾಕಾ ಅಂಗಡಿ ಮುಚ್ಚಿ ಮುಚ್ಚಿ ತಮ್ಮ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಬರುತ್ತಿದ್ದರು, ಕಚೇರಿಗೆ ಬರುವಾಗ ಹೇಗೆ ಬರಬೇಕೆಂದು ಅವರಿಗೆ ತಿಳಿದಿತ್ತು. ಪರೀಕ್ಷಕರನ್ನು ನೇಮಿಸಿರಿ, ಸಾಕು ಎಂದು ಕೈಮುಗಿದರು. ಅಂಬ್ರಪ್ಪ ಸರ್ ತಮ್ಮ ಹೆಸರು ತೆಗೆದು ಬೇರೆ ಯಾವ ಮಾನ್ಯತೆಯುಳ್ಳವರ ಹೆಸರನ್ನಾದರೂ ಮಾರ್ಗದರ್ಶಕರೆಂದು ಹಾಕಿಕೊಳ್ಳಿ ಎಂದು ಬರೆದುಕೊಟ್ಟರು. ತಿಂಗಳುಗಟ್ಟಲೆ ಬೇವಿನ ಕಟ್ಟೆಯ ಮೇಲೆ ಕುಳಿತವರು ತಮ್ಮ ಹೆಸರನ್ನೂ ಬಿಟ್ಟುಕೊಡಲು ಸಿದ್ಧರಿದ್ದರು. ಕೊನೆಗೆ ತಮ್ಮ ಕಚೇರಿ ಉತ್ತರ ಕೊಟ್ಟಿತು. ಸದರಿ ವಿದ್ಯಾರ್ಥಿನಿ ಮೂರು ವರ್ಷದ ಪದವಿಯನ್ನು ಮಾತ್ರ ಪೂರೈಸಿದ್ದು, ನಾಲ್ಕನೆಯ ವರ್ಷದ ವ್ಯಾಸಂಗ ಮಾಡಿರುವುದಿಲ್ಲ ಎಂದು ದೃಢೀಕರಿಸಲಾಗಿದೆ. ಆ ಸಹಿ ತಮ್ಮದೇ. ಹೈದರಾಬಾದಿನ ಜಾಗ ಬೇರೆಯವರಿಗೆ ಹೋಯಿತು. ಯಾರಿಗೆ ಸಿಕ್ಕಿತೋ ಅವರಿಗೆ ಒಳ್ಳೆಯದಾಗಲಿ.

ಸುದ್ದಿ ಬಂದಾಗ ನಾನು ರಂಗಂಪೇಟೆಗೆ ಹೋದೆ. ಸರ್ವರಬೇಗಂ ರೊಟ್ಟಿ ಬಡಿಯುತ್ತಿದ್ದಳು. ನಾನು ಏನೇನೋ ಹೇಳಿದೆ. ಕೋರ್ಟಿಗೆ ಹೋಗೋಣ, ಪೇಪರಿನವರ ಹತ್ತಿರ ಹೋಗೋಣ ಎಂದೆ. ಅವಳು ರೊಟ್ಟಿ ತಿರುವಿ ಹಾಕುತ್ತಾ, “ಉಣ್ತಿ?” ಎಂದಳು. ಉಂಡೆ. ಇಬ್ಬರೂ ಉಂಡೆವು. ಅಷ್ಟೆ ಆದದ್ದು. ಈಗ ಅವಳು ಸುರಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಸೆಂಟರಿನಲ್ಲಿ ಬೇರೆಯವರ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾಳೆ. ನಾನು ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮೊದಲೆಲ್ಲ ಯಾರಾದರೂ ಹೊಸ ರೀತಿಯಲ್ಲಿ ಒಂದು ಮಾತು ಆಡಿದರೆ ಅವಳು ಕಣ್ಣು ಮುಚ್ಚಿ ಮತ್ತೊಮ್ಮೆ ಹೇಳಿಸುತ್ತಿದ್ದಳು. ಈಗ ಕೀಬೋರ್ಡು ನೋಡುತ್ತಲೇ ಹ್ಞೂಂ ಎನ್ನುತ್ತಾಳೆ. ಭಾನುವಾರ ಕೂಡಿದರೆ ಚಹಾ ಕುಡಿಯುತ್ತೇವೆ. ಜಗಳವೇನೂ ಇಲ್ಲ. ಮಾತೂ ಇಲ್ಲ. ಕಾಕಾ ಹೊಲಿದ ಚೂಡಿದಾರಗಳನ್ನು ಅವಳು ಸೆಂಟರಿಗೆ ಹಾಕಿಕೊಂಡು ಹೋಗುತ್ತಾಳೆ. ಬಟ್ಟೆ ಸುಮ್ಮನೆ ಹಾಳಾಗಬಾರದಲ್ಲ.

ನಾವು ಕಲಿಸಿದ ಯಂತ್ರದ ಗತಿಯನ್ನೂ ಹೇಳಿಬಿಡುತ್ತೇನೆ. ಅದನ್ನು ನಾರಾಯಣಪುರದಲ್ಲಿ ನೀರಾವರಿಯ ಒಬ್ಬ ಇಂಜಿನಿಯರರಿಗೆ ತೋರಿಸಿದೆವು. ಅವರು ಅರ್ಧ ದಿನ ಕುಳಿತು ನೋಡಿದರು, ಬೇರೆ ಬೇರೆ ಊರಿನ ನೌಕರರನ್ನು ಕರೆದು ಮಾತಾಡಿಸಿ ನೋಡಿದರು. “ಭಾಳ ಚಲೋ ಆಗ್ಯಾದ,” ಎಂದರು. “ನಿಮ್ಮ ವಿಶ್ವವಿದ್ಯಾಲಯ ಪಾಸ್ ಮಾಡ್ಯಾದ ಅಂತ ಒಂದು ಕಾಗದ ತರ್ರಿ. ನಾ ಮ್ಯಾಲೆ ಕಳಿಸ್ತೀನಿ. ಕಾಗದ ಇಲ್ದ ನಾ ಕಳಿಸಿದ್ರ ನನ್ನ ಹುಚ್ಚ ಅಂತಾರ.” ಅವರು ಹೇಳಿದ್ದು ಸರಿಯೇ. ಆ ಕಾಗದ ಕೊಡಬೇಕಾದವರು ತಾವು. ಹಾಗಾಗಿ ಈ ಹಂಗಾಮಿನಲ್ಲೂ ಕೆನಾಲಿನ ಕೊನೆಯ ಊರುಗಳಿಂದ ಜನ ಫೋನ್ ಮಾಡುತ್ತಲೇ ಇದ್ದಾರೆ, ಆ ಹೆಣ್ಣುದನಿ ಧನ್ಯವಾದ ಹೇಳುತ್ತಲೇ ಇದೆ.

ಮಾನ್ಯರೇ, ತಮ್ಮ ನಿಯಮದ ಒಳಗೆ ಎಂಥ ಜಾಣತನವಿದೆ ನೋಡಿ. ಮಾರ್ಗದರ್ಶಕರಿಲ್ಲದ ಕಾಲೇಜಿನಲ್ಲಿ ಸಂಶೋಧನೆ ಕೂಡದು. ಸಂಶೋಧನೆ ನಡೆಯದ ಕಾಲೇಜಿಗೆ ಮಾರ್ಗದರ್ಶಕರು ಬರುವುದಿಲ್ಲ. ಹೀಗಾಗಿ ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ತಮ್ಮ ತಲೆಯಿಂದ ಒಂದು ಪ್ರಶ್ನೆ ಹುಟ್ಟಿಸಬೇಕೆಂದರೆ ಮೊದಲು ಊರು ಬಿಡಬೇಕು. ಊರು ಬಿಟ್ಟವರಿಗೆ ‘ಬರವಲ್ದು’ ಎಂಬ ಪ್ರಶ್ನೆ ಹೇಗೆ ಹೊಳೆದೀತು? ದೊಡ್ಡ ನಗರದ ಪ್ರಯೋಗಾಲಯದಲ್ಲಿ ಎಷ್ಟೋ ಮಾನ್ಯತೆ ಪಡೆದವರು ಕುಳಿತು ಆ ಯಂತ್ರವನ್ನು ಮಾಡಿದ್ದರು. ಅವರಲ್ಲಿ ಒಬ್ಬರಿಗಾದರೂ ಇದು ತಿಳಿಯಿತೇ? ಗುಣಮಟ್ಟಕ್ಕಾಗಿ ಈ ಕ್ರಮ ಎಂದು ಸುತ್ತೋಲೆಯಲ್ಲಿದೆ. ಓದದೇ ಗುಣಮಟ್ಟ ತಿಳಿಯುವ ವಿದ್ಯೆ ಯಾವುದು, ಅದನ್ನು ಯಾವ ವರ್ಷದಲ್ಲಿ ಕಲಿಸುತ್ತೀರಿ?

ಈಗ ಏಕೆ ಬರೆಯುತ್ತಿದ್ದೇನೆಂದು ತಮಗೆ ಅನಿಸಬಹುದು. ಸುಮ್ಮನಿರುವುದು ಅಭ್ಯಾಸವಾಗಿತ್ತು, ಇದ್ದುಬಿಡುತ್ತಿದ್ದೆ. ಮೊನ್ನೆ ನಮ್ಮ ಕಾಲೇಜಿನ ಗೋಡೆಗೆ ಮತ್ತೆ ಒಂದು ಕಾಗದ ಬಂದಿದೆ. ಹೆಸರು ಸ್ವಲ್ಪ ಬದಲಾಗಿದೆ, ‘ಸ್ವತಂತ್ರ ಅಧ್ಯಯನ ಅವಕಾಶ’ ಎಂದು. ಸುಂದ್ರಮ್ಮ ಎಂಬ ಹುಡುಗಿ, ಕೊನೆಯ ವರ್ಷದಲ್ಲಿದ್ದಾಳೆ, ನನ್ನನ್ನು ಹುಡುಕಿಕೊಂಡು ಶಹಾಪುರಕ್ಕೆ ಬಂದಳು. ಅವಳ ತಾಯಿ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಬೆಳೆಗೆ ಔಷಧಿ ಹೊಡೆಯುವ ಹೆಂಗಸರ ಕೈಚರ್ಮದ ಫೋಟೋ ನೋಡಿ ವಿಷ ಏರಿದ್ದನ್ನು ಮೊದಲೇ ಗುರುತಿಸುವ ಪ್ರೋಗ್ರಾಮ್ ಮಾಡಬೇಕೆಂದು ಅವಳಿಗಿದೆ. ಕಣ್ಣರಳಿಸಿ ಹೇಳಿದಳು. “ಅಕ್ಕಾ, ನೀವು ಮಾಡೀರಂತ. ನಾ ಸೇರ್ಲೇನ್ರಿ?” ಎಂದಳು.

ಸೇರು ಎನ್ನಲು ಬಾಯಿ ಬರಲಿಲ್ಲ, ಸೇರಬೇಡ ಎನ್ನಲೂ ಬರಲಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ನಾನು ಸರ್ವರಬೇಗಂಳ ಸೆಂಟರಿಗೆ ಬಂದೆ. ಕುಲಸಚಿವರಿಗೆ ಪೇಪರಿನಲ್ಲಿ ಪತ್ರ ಬರೆಯುತ್ತೇನೆ, ನಿನ್ನ ಹೆಸರು ಹಾಕಲೇ ಎಂದೆ. ಯಾರದೋ ಅರ್ಜಿಗೆ ಫೋಟೋ ಏರಿಸುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು:

“ಹಾಕು. ಆದ್ರ ನಾ ಅತ್ತೇನಿ ಅಂತ ಬರೀಬ್ಯಾಡ. ನಾ ಅತ್ತಿಲ್ಲ.”

ಬರೆದಿಲ್ಲ. ಅವಳು ಅತ್ತಿಲ್ಲವೆಂದು ನಾನೂ ದೃಢೀಕರಿಸುತ್ತೇನೆ.

ಈಗ ನಮ್ಮ ಬೇಡಿಕೆ. ಸುಂದ್ರಮ್ಮನಂಥವರಿಗೆ ಪ್ರವೇಶ ಕೊಡುವ ಮೊದಲು ಅವರ ಮಾರ್ಗದರ್ಶಕರು ಯಾರು, ಪರೀಕ್ಷಕರು ಯಾರು ಎಂದು ಬರೆದು ಕೊಡಿ. ಬರೆದುಕೊಡಲು ಆಗದಿದ್ದರೆ ಆ ಕಾಗದವನ್ನು ಗೋಡೆಯಿಂದ ಕೀಳಿಸಿರಿ. ಇದು ಒಂದು. ನಮ್ಮ ವಿಷಯದಲ್ಲಿ ನಾವು ಕೃಪೆ ಕೇಳುವುದಿಲ್ಲ, ಅಂಕಗಳನ್ನೂ ಕೇಳುವುದಿಲ್ಲ. ಹೈದರಾಬಾದಿನ ಜಾಗ ತಿರುಗಿ ಬರುವುದಿಲ್ಲವೆಂದು ಗೊತ್ತಿದೆ. ನಮ್ಮ ಪ್ರಬಂಧದ ಪ್ರತಿ ತಮ್ಮ ಕಚೇರಿಯಲ್ಲಿ ಎಲ್ಲೋ ಇದೆ. ಅದನ್ನು ಯಾರಿಂದಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಿರಿ. ಓದಿದವರ ಮುಂದೆ ನಮ್ಮಿಬ್ಬರನ್ನು ಕೂರಿಸಿ ಪ್ರಶ್ನೆ ಕೇಳಿಸಿರಿ. ಎಷ್ಟು ಕಠಿಣವಾದರೂ ಸರಿ. ಉತ್ತರ ಸಮಾಧಾನ ತರದಿದ್ದರೆ ನಪಾಸು ಮಾಡಿರಿ, ನಪಾಸು ಎಂದು ಬರೆದು ಕೊಡಿ. ಆ ಕಾಗದವನ್ನು ಕಾಕಾ ಅಂಗಡಿಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕುತ್ತಾರೆ. ನಪಾಸಾಗಬೇಕಾದರೂ ಓದಿರಲೇಬೇಕಲ್ಲವೇ?

ಇಂತಿ, ಪರೀಕ್ಷೆಗೆ ಕಾಯುತ್ತಿರುವ,
ಮೋನಮ್ಮ ಪರಮಣ್ಣ
(ಸರ್ವರಬೇಗಂ ಮಕ್ತುಮಸಾಬಳ ಒಪ್ಪಿಗೆಯೊಂದಿಗೆ)
ಸುರಪುರ